ಶೂನ್ಯ ಟಿಕೆಟ್, ಮೂರು ಮೆಟ್ಟಿಲು

ಗುರುವಾರ ಕರ್ನಾಟಕದಲ್ಲಿ ಲಸಿಕೆಯ ದಿನ. ಬೆಂಗಳೂರಿನ ಸಂಜಯನಗರದ ಬೀದಿಗಳಲ್ಲಿ ಅವತ್ತು ಬೆಳಿಗ್ಗೆ ಹತ್ತರ ಹೊತ್ತಿಗೆ ಅಡ್ಡಾಡಿದರೆ ಬೇರೆ ದಿನ ಅಷ್ಟಾಗಿ ಕಣ್ಣಿಗೆ ಬೀಳದವರು ಕಾಣುತ್ತಾರೆ. ತಲೆಗೆ ಸ್ಕಾರ್ಫ್ ಬಿಗಿದು, ಕಿವಿಗೆ ಹತ್ತಿ ಇಟ್ಟುಕೊಂಡು, ಬಿಸಿಲಲ್ಲೂ ಸ್ವೆಟರ್ ತೊಟ್ಟ ಬಾಣಂತಿ. ಪಕ್ಕದಲ್ಲಿ ಮಗುವನ್ನೆತ್ತಿಕೊಂಡ ಅವಳ ತಾಯಿ, ಇಲ್ಲವೇ ಅತ್ತೆ. ಹೆಗಲಿಗೊಂದು ಬಟ್ಟೆ ಚೀಲ. ಅದರೊಳಗೆ ಬಿಸಿನೀರಿನ ಫ್ಲಾಸ್ಕು, ಮಗುವಿಗೆ ಬದಲಿಸಲು ಹಳೆ ಪಂಚೆಯ ತುಂಡುಗಳು, ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನವಾಗಿಟ್ಟ ತಾಯಿ ಕಾರ್ಡ್. ಒಂದೂವರೆ ತಿಂಗಳು, ಎರಡೂವರೆ ತಿಂಗಳು, ಮೂರೂವರೆ ತಿಂಗಳು: ಮಗುವಿನ ಮೊದಲ ಲಸಿಕೆಗಳ ಲೆಕ್ಕ ಇದು. ಆಮೇಲೆ ಒಂಬತ್ತು ತಿಂಗಳು ತುಂಬಿದಾಗ ದಡಾರ-ರುಬೆಲ್ಲಾ. ಮನೆಯಿಂದ ಹೊರಗೆ ಕಾಲಿಡಬಾರದು ಎಂದು ಹಿರಿಯರು ಕಟ್ಟುಪಾಡು ಹಾಕಿದ ದಿನಗಳಲ್ಲೇ ಆಸ್ಪತ್ರೆಯ ಕರೆ ಬರುತ್ತದೆ, ಹೊರಡಲೇಬೇಕು.

ಹೊಸದಾಗಿ ತಾಯಿಯಾದವರಿಗೆ ಸಾರ್ವಜನಿಕ ಸಾರಿಗೆ ಉಚಿತವಾಗಿರಬೇಕೇ ಎಂಬ ಪ್ರಶ್ನೆಯನ್ನು ಎಷ್ಟೋ ದೇಶಗಳಲ್ಲಿ ಇನ್ನೂ ಕೇಳುತ್ತಿದ್ದಾರೆ. ನಮ್ಮಲ್ಲಿ ಅದಕ್ಕೆ 2023ರ ಜೂನ್ 11ರಂದೇ ಉತ್ತರ ಸಿಕ್ಕಿತು. ಅವತ್ತು ಜಾರಿಗೆ ಬಂದ ಶಕ್ತಿ ಯೋಜನೆ ರಾಜ್ಯದ ಎಲ್ಲ ಹೆಂಗಸರಿಗೂ ಸಾಮಾನ್ಯ ಸರ್ಕಾರಿ ಬಸ್ಸನ್ನು ಉಚಿತ ಮಾಡಿತು. ಬಾಣಂತಿಯೂ ಅದರಲ್ಲಿ ಸೇರಿದಳು. ಹಾಗಾದರೆ ಸಂಜಯನಗರದ ಬಾಣಂತಿ ಬಸ್ಸಿನಲ್ಲಿ ಹೋಗುತ್ತಿದ್ದಾಳೆಯೇ? ಇದನ್ನು ಕಣ್ಣಾರೆ ನೋಡಬೇಕೆಂದು ಗೆದ್ದಲಹಳ್ಳಿಯ ಕಡೆಯಿಂದ ಹೆಬ್ಬಾಳದವರೆಗೆ ಅವಳ ದಾರಿಯಲ್ಲೇ ನಡೆದೆ.

ಸಂಜಯನಗರವೆಂದರೆ ಪೂರ್ವಕ್ಕೆ ಬಳ್ಳಾರಿ ರಸ್ತೆ, ಪಶ್ಚಿಮಕ್ಕೆ ನ್ಯೂ ಬಿಇಎಲ್ ರಸ್ತೆ, ಉತ್ತರಕ್ಕೆ ಹೊರ ವರ್ತುಲ ರಸ್ತೆ, ಈ ಮೂರರ ನಡುವಿನ ಬಡಾವಣೆ. ಹೊರಗಿನವರು ಇದನ್ನು ಆರ್‌ಎಂವಿ ಎರಡನೇ ಹಂತದ ಅಗಲ ರಸ್ತೆ, ಮರದ ನೆರಳು, ನಿವೃತ್ತ ಅಧಿಕಾರಿಗಳ ಮನೆ ಎಂದೇ ನೆನೆಯುತ್ತಾರೆ. ಆ ಅಗಲ ರಸ್ತೆಗಳ ನಡುವೆ ನಾಗಶೆಟ್ಟಿಹಳ್ಳಿ, ಗೆದ್ದಲಹಳ್ಳಿ, ಭೂಪಸಂದ್ರ ಎಂಬ ಹಳೆಯ ಊರುಗಳು ಹಾಗೇ ಉಳಿದಿವೆ. ಊರಮ್ಮನ ಗುಡಿ, ಅದರ ಮುಂದೆ ಅರಳಿಕಟ್ಟೆ, ಅಲ್ಲಿಂದ ಒಳಕ್ಕೆ ಆಟೋ ಕಷ್ಟಪಟ್ಟು ತಿರುಗುವಷ್ಟು ಅಗಲದ ಓಣಿ. ಒಂದು ಸೈಟಿನಲ್ಲಿ ನಾಲ್ಕು ಮಹಡಿ ಎದ್ದು, ಒಂದೊಂದು ಮಹಡಿಯಲ್ಲಿ ಎರಡು ಮೂರು ಬಾಡಿಗೆ ಮನೆ. ಆರ್‌ಎಂವಿಯ ದೊಡ್ಡ ಮನೆಗಳಲ್ಲಿ ಪಾತ್ರೆ ತಿಕ್ಕುವವರು, ಅಡುಗೆಯವರು, ಸೆಕ್ಯುರಿಟಿಯವರ ಹೆಂಡಂದಿರು, ನರ್ಸಿಂಗ್ ಕೆಲಸದವರು, ಯಶವಂತಪುರದ ಆಚೆಯ ಗಾರ್ಮೆಂಟ್ಸ್‌ಗೆ ಹೋಗುವವರು ಇರುವುದು ಇಲ್ಲಿ. ಬಾಣಂತಿಯರು ಇಳಿದು ಬರಬೇಕಾದ ಮೆಟ್ಟಿಲು ಶುರುವಾಗುವುದೂ ಈ ಮಹಡಿಗಳಿಂದಲೇ.

ಬಸ್ಸು ಓಣಿಗೆ ಬರುವುದಿಲ್ಲ. ಮುಖ್ಯರಸ್ತೆಯಲ್ಲಷ್ಟೇ ಓಡುತ್ತದೆ. ಮೂರನೇ ಮಹಡಿಯ ಮನೆಯಿಂದ ಮುಖ್ಯರಸ್ತೆಯ ನಿಲ್ದಾಣದವರೆಗಿನ ದಾರಿ ಆರೋಗ್ಯವಂತರಿಗೆ ಒಂದು ದಾರಿಯೇ ಅಲ್ಲ. ಹೊಟ್ಟೆಯಲ್ಲಿ ಹಸಿ ಹೊಲಿಗೆ ಇರುವವಳಿಗೆ ಹಾಗಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ನೂರಕ್ಕೆ 31ಕ್ಕೂ ಹೆಚ್ಚು ಹೆರಿಗೆ ಸಿಸೇರಿಯನ್. ಆಪರೇಷನ್ ಆದವಳಿಗೆ ಆರು ವಾರ ಮಗುವಿಗಿಂತ ಭಾರದ್ದು ಎತ್ತಬೇಡ ಎಂದು ವೈದ್ಯರು ಹೇಳಿ ಕಳಿಸುತ್ತಾರೆ. ಆರು ವಾರ ತುಂಬುವ ದಿನವೇ ಮಗುವಿನ ಒಂದೂವರೆ ತಿಂಗಳ ಲಸಿಕೆಯೂ ಬರುತ್ತದೆ.

ಮುಖ್ಯರಸ್ತೆಯ ಫುಟ್‌ಪಾತ್ ಹಿಡಿದು ನಡೆದೆ. ಹಿಡಿದು ಎಂದು ಬರೆದೆನಾದರೂ ಅದು ನಮ್ಮನ್ನು ಬಹಳ ಹೊತ್ತು ಹಿಡಿದಿಟ್ಟುಕೊಳ್ಳುವುದಿಲ್ಲ. ಒಂದು ಕಡೆ ಟ್ರಾನ್ಸ್‌ಫಾರ್ಮರ್ ಪೆಟ್ಟಿಗೆ, ಇನ್ನೊಂದು ಕಡೆ ಅಂಗಡಿಗೆ ಬಂದವರ ಸ್ಕೂಟರ್ ಸಾಲು, ಮತ್ತೊಂದು ಕಡೆ ಚರಂಡಿಯ ಮೇಲೆ ಎದ್ದು ಕೂತ ಸ್ಲ್ಯಾಬ್. ನನ್ನ ಮುಂದೆ ನಡೆಯುತ್ತಿದ್ದ ಅಜ್ಜಿ ಮೊಮ್ಮಗುವನ್ನು ಎರಡೂ ಕೈಯಲ್ಲಿ ಎದೆಗವಚಿಕೊಂಡಿದ್ದರು. ತಮ್ಮ ಪಾದ ಎಲ್ಲಿಗೆ ಬೀಳುತ್ತದೆಂದು ಅವರಿಗೆ ಕಾಣುತ್ತಿರಲಿಲ್ಲ. ಹಿಂದೆ ಬರುತ್ತಿದ್ದ ಮಗಳೇ ಅವರಿಗೆ ಕಣ್ಣು. "ಅಮ್ಮ, ಕಲ್ಲು ಐತೆ ನೋಡು," "ಅಮ್ಮ, ಇಲ್ಲಿ ಇಳಿ," ಎಂದು ಹೇಳುತ್ತಾ ಬಂದಳು. ಒಂದು ಜಾಗದಲ್ಲಿ ಇಬ್ಬರೂ ರಸ್ತೆಗಿಳಿದು, ನಿಂತ ಕಾರನ್ನು ಸುತ್ತಿ ಬಳಸಿ, ಮತ್ತೆ ಫುಟ್‌ಪಾತ್ ಹತ್ತಿದರು. ಹತ್ತುವಾಗ ಮಗಳು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಳು.

ಬಸ್ ನಿಲ್ದಾಣದಲ್ಲಿ ಸ್ಟೀಲಿನ ಬೆಂಚಿದೆ, ಮೇಲೆ ಸೂರಿದೆ. ಅಷ್ಟಾದರೂ ಇದೆ ಎನ್ನಬೇಕು. ಕಂಬವೊಂದೇ ಇರುವ ನಿಲ್ದಾಣಗಳು ಈ ಊರಿನಲ್ಲಿ ಎಷ್ಟಿಲ್ಲ! ಬೆಂಚಿನ ಮೇಲೆ ಕೂತಿದ್ದ ಕಾಲೇಜು ಹುಡುಗಿಯರಿಬ್ಬರು ಯಾರೂ ಹೇಳದೆಯೇ ಎದ್ದು ಜಾಗ ಬಿಟ್ಟರು. ಮಗು ಅಳತೊಡಗಿತು. ಹಾಲು ಕೊಡಬೇಕು. ಬಾಣಂತಿ ಆಚೆ ಈಚೆ ನೋಡಿದಳು. ಒಂದು ಪಕ್ಕ ಬೇಕರಿ, ಅದರ ಮುಂದೆ ಟೀ ಕುಡಿಯುತ್ತಾ ನಿಂತ ಗಂಡಸರ ಗುಂಪು. ಇನ್ನೊಂದು ಪಕ್ಕ ರಸ್ತೆ. ಅಜ್ಜಿ ತಮ್ಮ ಸೆರಗನ್ನೇ ಅಡ್ಡ ಹಿಡಿದು ನಿಂತರು. ಮಗಳು ಗೋಡೆಗೆ ಮುಖ ಮಾಡಿ ಕೂತು ಹಾಲೂಡಿಸಿದಳು. ಅಷ್ಟರಲ್ಲಿ ಬಸ್ಸು ಬಂತು, ಅವರು ಬಿಟ್ಟರು. ಮಗು ಬಾಯಿಂದ ಬಿಡುವವರೆಗೆ ಯಾವ ಬಸ್ಸು ಬಂದರೇನು.

ಮುಂದಿನ ಬಸ್ಸಿಗೆ ಅವರ ಜೊತೆ ನಾನೂ ಹತ್ತಿದೆ. ಬಾಣಂತಿಯೊಬ್ಬಳು ಬಸ್ಸು ಹತ್ತುವುದನ್ನು ಹತ್ತಿರದಿಂದ ನೋಡಿದವರಿಗೆ ಗೊತ್ತು, ಅದು ನಾವು ನೀವು ಹತ್ತುವ ಹಾಗಲ್ಲ. ಹಳೆಯ ಮಾದರಿಯ ಬಸ್ಸಿಗೆ ಬಾಗಿಲಲ್ಲಿ ಮೂರು ಮೆಟ್ಟಿಲು. ಮೊದಲನೆಯದು ಮೊಣಕಾಲಿನ ಹತ್ತಿರಕ್ಕೆ ಬರುತ್ತದೆ, ಬಸ್ಸು ಫುಟ್‌ಪಾತ್‌ನಿಂದ ದೂರ ನಿಂತರೆ ಇನ್ನೂ ಎತ್ತರ. ಅಜ್ಜಿಗೆ ಮೊದಲು ಹತ್ತಲಾಗಲಿಲ್ಲ, ಕೈಯಲ್ಲಿ ಮಗು. ಮಗಳು ಮೊದಲು ಹತ್ತಿದಳು: ಎಡಗೈಯಲ್ಲಿ ಕಂಬಿ, ಬಲಗೈ ಹೊಟ್ಟೆಯ ಮೇಲೆ, ಬಲಗಾಲು ಮೇಲಿಟ್ಟು ಒಂದು ಕ್ಷಣ ನಿಂತು, ಉಸಿರು ಬಿಗಿಹಿಡಿದು ಎಡಗಾಲು ಎಳೆದುಕೊಂಡಳು. ಎರಡನೆಯ ಮೆಟ್ಟಿಲಲ್ಲಿ ತಿರುಗಿ ನಿಂತು ಮಗುವಿಗೆ ಕೈ ಚಾಚಿದಳು. ಅಜ್ಜಿ ಕೆಳಗಿನಿಂದ ಮಗುವನ್ನು ಎತ್ತಿ ಕೊಟ್ಟು, ಆಮೇಲೆ ಎರಡೂ ಕೈಯಿಂದ ಕಂಬಿ ಹಿಡಿದು ತಾವು ಹತ್ತಿದರು. ಡ್ರೈವರ್ ಕನ್ನಡಿಯಲ್ಲಿ ನೋಡುತ್ತಲೇ ಇದ್ದರು. ಅವರು ಕೂರುವವರೆಗೂ ಬಸ್ಸು ಕದಲಲಿಲ್ಲ. ಹಿಂದಿನಿಂದ ಹಾರ್ನ್ ಬಡಿದುಕೊಂಡವು.

"ಮಗು ಹಿಡ್ಕೊಂಡಿದಾರೆ, ಸ್ವಲ್ಪ ಜಾಗ ಬಿಡ್ರಮ್ಮ," ಎಂದರು ಕಂಡಕ್ಟರ್. ಕೂತ ಮೇಲೆ ಆಧಾರ್ ಕೇಳಿದರು.

"ಚೀಲದಾಗೆ ಐತೆ ಸ್ವಾಮಿ, ಕೂಸು ಮಲಗಿಸ್ಕಂಡು ತೋರಿಸ್ತೀನಿ ತಡೀರಿ," ಎಂದರು ಅಜ್ಜಿ. ಕಂಡಕ್ಟರ್ ತಡೆದರು. ಎರಡು ಶೂನ್ಯ ದರದ ಟಿಕೆಟ್ ಹರಿದು ಕೊಟ್ಟರು, ತಾಯಿಗೊಂದು, ಅಜ್ಜಿಗೊಂದು.

ಆ ಎರಡನೆಯ ಟಿಕೆಟ್ಟಿನ ಬೆಲೆ ನನಗೆ ಅಲ್ಲೇ ಹೊಳೆದದ್ದು. ಬಾಣಂತಿ ಎಂದೂ ಒಬ್ಬಳೇ ಹೋಗುವವಳಲ್ಲ. ಅವಳ ಜೊತೆ ತಾಯಿಯೋ, ಅತ್ತೆಯೋ, ಅಕ್ಕನೋ, ಏನೂ ಇಲ್ಲದಿದ್ದರೆ ಪಕ್ಕದ ಮನೆಯ ಆಂಟಿಯೋ ಇರುತ್ತಾರೆ. ಹೊಸ ತಾಯಂದಿರಿಗೆ ಮಾತ್ರ ಎಂದು ಒಂದು ಉಚಿತ ಪಾಸ್ ಮಾಡಿದ್ದರೆ ಜೊತೆಗೆ ಬಂದವರು ದುಡ್ಡು ಕೊಡಬೇಕಿತ್ತು. ಪಾಸಿಗೆ ಅರ್ಜಿ ಬರೆಯಬೇಕಿತ್ತು, ಡಿಸ್ಚಾರ್ಜ್ ಸಾರಾಂಶದ ಜೆರಾಕ್ಸ್ ಅಂಟಿಸಬೇಕಿತ್ತು, ಕಚೇರಿಗೆ ಎರಡು ಸಲ ಅಲೆಯಬೇಕಿತ್ತು, ಅಷ್ಟರಲ್ಲಿ ಮಗು ಅಂಬೆಗಾಲಿಡುತ್ತಿತ್ತು. ಗರ್ಭ ನಿಲ್ಲದೆ ಹೋದವಳು, ಮಗುವನ್ನು ಕಳೆದುಕೊಂಡವಳು ಕಂಡಕ್ಟರ್ ಮುಂದೆ ಏನು ಹೇಳಬೇಕಿತ್ತು? ಅವಳಿಗೂ ಆಸ್ಪತ್ರೆಯ ಓಡಾಟ ತಪ್ಪುವುದಿಲ್ಲ. ಶಕ್ತಿ ಇದ್ಯಾವುದನ್ನೂ ಕೇಳುವುದಿಲ್ಲ. ಹೆಣ್ಣು, ಈ ರಾಜ್ಯದವಳು, ಇಷ್ಟೇ. ತೃತೀಯ ಲಿಂಗಿಗಳನ್ನೂ ಸೇರಿಸಿಕೊಂಡಿದೆ. ತಾಯಿಯೆಂಬ ಪ್ರಮಾಣಪತ್ರ ಕೇಳದೆಯೇ ತಾಯಿಗೆ ಸಿಕ್ಕಿರುವ ಈ ಸವಲತ್ತು, ಪ್ರತ್ಯೇಕ ಪಾಸಿಗಿಂತ ಎಷ್ಟೋ ಮೇಲು ಎಂದು ನಾನು ದೃಢವಾಗಿ ನಂಬುತ್ತೇನೆ.

ಶಕ್ತಿಯನ್ನು ಬಿಟ್ಟಿ ಭಾಗ್ಯ ಎಂದು ಆಡಿಕೊಳ್ಳುವವರು ಸಂಜಯನಗರದ ಪಾರ್ಕಿನ ಬೆಂಚುಗಳ ಮೇಲೂ ಇದ್ದಾರೆ. ವರ್ಷಕ್ಕೆ ಐದು ಸಾವಿರ ಕೋಟಿ ರೂಪಾಯಿಗೂ ಹೆಚ್ಚು ಖರ್ಚು ನಿಜ. 2025ರ ಜುಲೈನಲ್ಲಿ ಉಚಿತ ಪ್ರಯಾಣಗಳ ಸಂಖ್ಯೆ 500 ಕೋಟಿ ಮುಟ್ಟಿತು, ಅದೂ ನಿಜ. ಅವರು ಹೇಳುವುದರಲ್ಲಿ ನಾನು ಒಪ್ಪುವ ಮಾತು ಒಂದೇ: ಬಸ್ಸು ತುಂಬಿ ತುಳುಕುತ್ತದೆ. ತುಂಬಿದ ಬಸ್ಸಿನ ಮೊದಲ ಪೆಟ್ಟು ಬೀಳುವುದು ಬಾಣಂತಿಗೇ. ನೂಕುನುಗ್ಗಲಿನಲ್ಲಿ ಹಸುಗೂಸು ಹಿಡಿದು ನಿಲ್ಲಲಾಗದೆ ಅವಳು ಬಸ್ಸು ಬಿಡುತ್ತಾಳೆ, ಮತ್ತೊಂದಕ್ಕೆ ಕಾಯುತ್ತಾಳೆ, ಕೊನೆಗೆ ಆಟೋಗೆ ಕೈ ಅಡ್ಡ ಹಿಡಿಯುತ್ತಾಳೆ. ಇದಕ್ಕೆ ಮದ್ದು ಬಸ್ಸು ಹೆಚ್ಚಿಸುವುದು. ಹೆಂಗಸರಿಂದ ಟಿಕೆಟ್ ಕಾಸು ಕಿತ್ತುಕೊಂಡು ಬಸ್ಸು ಖಾಲಿ ಮಾಡಿದರೆ ಮನೆಯಲ್ಲಿ ಉಳಿಯುವವಳು ಮೊದಲು ಇವಳೇ.

ಆಟೋ ಎಂದೆ. ಬೆಂಗಳೂರಿನಲ್ಲಿ 2025ರ ಆಗಸ್ಟ್ 1ರಿಂದ ಆಟೋ ಕನಿಷ್ಠ ದರ 2 ಕಿಲೋಮೀಟರಿಗೆ 36 ರೂಪಾಯಿ, ನಂತರ ಕಿಲೋಮೀಟರಿಗೆ 18. ಸಾಮಾನ್ಯ ಬಸ್ಸಿನ ಮೊದಲ ಹಂತದ ದರ 6 ರೂಪಾಯಿ. ಹತ್ತಿರದ ಓಡಾಟಕ್ಕೆ ಶಕ್ತಿಯಿಂದ ಒಬ್ಬರಿಗೆ ಉಳಿಯುವುದು ಆ ಆರೇ ರೂಪಾಯಿ, ಬಸ್ಸು ಹತ್ತಲಾಗದೆ ಹೋದರೆ ಕಳೆದುಕೊಳ್ಳುವುದು ಮೂವತ್ತಾರು. ದೂರದ ಓಡಾಟದ ಲೆಕ್ಕ ಬೇರೆ. ಸಂಜಯನಗರದಿಂದ ಕೆ.ಆರ್. ಮಾರುಕಟ್ಟೆ ಬಳಿಯ ವಾಣಿ ವಿಲಾಸ ಆಸ್ಪತ್ರೆಗೆ ಒಂಬತ್ತು ಕಿಲೋಮೀಟರಿಗೆ ಕಡಿಮೆಯಿಲ್ಲ. ಮೀಟರ್ ಹಾಕಿದರೂ 160 ರೂಪಾಯಿ ದಾಟುತ್ತದೆ, ಹೋಗಿಬರಲು 320ಕ್ಕೂ ಮೇಲೆ. 1935ರಲ್ಲಿ ಶುರುವಾದ, ಹೆಂಗಸರು ಮಕ್ಕಳಿಗೆಂದೇ ಕಟ್ಟಿದ ಆ ಆಸ್ಪತ್ರೆಗೆ ಇವತ್ತಿಗೂ ಊರಿನ ನಾಲ್ಕೂ ದಿಕ್ಕಿನಿಂದ ಬಡವರ ಮನೆಯ ಹೆಂಗಸರು ಹೋಗುತ್ತಾರೆ. ಇತ್ತ ಉತ್ತರದವರಿಗೆ ಮಲ್ಲೇಶ್ವರಂನ ಕೆ.ಸಿ. ಜನರಲ್ ಆಸ್ಪತ್ರೆ ಇನ್ನೂ ಹತ್ತಿರ. ಇಂಥ ದೂರಗಳಲ್ಲಿ ಶೂನ್ಯ ಟಿಕೆಟ್ ಒಂದು ದಿನದ ಅಡುಗೆಯ ಖರ್ಚನ್ನು ಉಳಿಸಿಕೊಡುತ್ತದೆ.

ಬಾಣಂತಿ ಅಷ್ಟು ದೂರ ಯಾಕೆ ಹೋಗಬೇಕು? ಮಾಮೂಲಿ ಲಸಿಕೆ ಹತ್ತಿರದ ಆರೋಗ್ಯ ಕೇಂದ್ರದಲ್ಲೋ ಅಂಗನವಾಡಿಯಲ್ಲೋ ಆಗುತ್ತದೆ. ಆಶಾ ಕಾರ್ಯಕರ್ತೆ ತಾವೇ ಮನೆಗೆ ಬರುತ್ತಾರೆ. ಆಸ್ಪತ್ರೆಯಲ್ಲಿ ಹೆರಿಗೆಯಾದವರ ಮನೆಗೆ 3, 7, 14, 21, 28 ಮತ್ತು 42ನೇ ದಿನ ಭೇಟಿ ಕೊಡಬೇಕೆಂದು ನಿಯಮ. ದಪ್ಪ ಪುಸ್ತಕ, ತೂಕದ ಜೋಳಿಗೆ ಹೊತ್ತು ಮೂರನೇ ಮಹಡಿ ಹತ್ತುವ ಆ ಹೆಂಗಸರಿಗೂ ಶೂನ್ಯ ಟಿಕೆಟ್ಟೇ ಆಸರೆ, ಇದನ್ನು ಯಾರೂ ಲೆಕ್ಕಕ್ಕೆ ತಂದುಕೊಳ್ಳುವುದಿಲ್ಲ. ದೂರದ ಓಡಾಟ ಬರುವುದು ಏನಾದರೂ ತೊಡಕಾದಾಗ. ಹೊಲಿಗೆ ಕೀವಾದಾಗ, ರಕ್ತದೊತ್ತಡ ಇಳಿಯದಿದ್ದಾಗ, ಕಾಮಾಲೆ ಏರಿದಾಗ, ಎಲ್ಲಕ್ಕಿಂತ ಮುಖ್ಯವಾಗಿ ಮಗು ದಿನ ತುಂಬುವ ಮೊದಲೇ ಹುಟ್ಟಿದಾಗ.

ದಿನ ತುಂಬದ ಮಗುವಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. 34 ವಾರಕ್ಕಿಂತ ಮೊದಲು ಹುಟ್ಟಿದ ಅಥವಾ ಎರಡು ಕಿಲೋಗಿಂತ ಕಡಿಮೆ ತೂಗುವ ಕೂಸಿನ ಕಣ್ಣಿನ ಹಿಂಪೊರೆಯಲ್ಲಿ ರಕ್ತನಾಳಗಳು ಅಡ್ಡಾದಿಡ್ಡಿ ಬೆಳೆಯುವ ಅಪಾಯವಿದೆ. ಹುಟ್ಟಿದ ಮೂವತ್ತು ದಿನದೊಳಗೆ ತಜ್ಞರು ಕಣ್ಣು ನೋಡಬೇಕು. ತಡವಾದರೆ ಮಗು ಜೀವನಪೂರ್ತಿ ಕುರುಡಾಗಬಹುದು. ಮೂವತ್ತು ದಿನವೆಂದರೆ ತಾಯಿ ಇನ್ನೂ ಹಸಿ ಬಾಣಂತಿ. ಕೋಣೆಯ ಬಾಗಿಲು ದಾಟಬಾರದೆಂದು ಮನೆಯವರು ಕಾವಲು ಕೂತಿರುವ ಹೊತ್ತು. ಒಂದು ಸಲ ತೋರಿಸಿದರೆ ಮುಗಿಯುವುದಿಲ್ಲ, ವಾರಕ್ಕೋ ಎರಡು ವಾರಕ್ಕೋ ಮತ್ತೆ ಬನ್ನಿ ಎನ್ನುತ್ತಾರೆ. ಈ ಓಡಾಟದ ನಡುವೆ ಕೈಬಿಟ್ಟ ಒಂದೊಂದು ಭೇಟಿಯ ಬೆಲೆ ಕಣ್ಣು.

ಇದಕ್ಕೆ ಕರ್ನಾಟಕವೇ ಒಂದು ದಾರಿ ತೋರಿಸಿದೆ. ಬೆಂಗಳೂರಿನ ನಾರಾಯಣ ನೇತ್ರಾಲಯದ ಡಾ. ಆನಂದ ವಿನೇಕರ್ ಮತ್ತು ತಂಡ 2008ರಿಂದ ಕಿಡ್‌ರಾಪ್ ಎಂಬ ಕಾರ್ಯಕ್ರಮ ನಡೆಸುತ್ತಿದೆ. ಕ್ಯಾಮೆರಾವನ್ನು ವಾಹನದಲ್ಲಿ ಹೊತ್ತು ಜಿಲ್ಲೆಗಳ ನವಜಾತ ಶಿಶು ಘಟಕಗಳಿಗೇ ಹೋಗಿ, ತರಬೇತಾದ ತಂತ್ರಜ್ಞರು ಕೂಸಿನ ಕಣ್ಣಿನ ಚಿತ್ರ ತೆಗೆಯುತ್ತಾರೆ, ದೂರದಲ್ಲಿರುವ ತಜ್ಞರು ನೋಡಿ ವರದಿ ಕೊಡುತ್ತಾರೆ. ತಾಯಿ ಮಗುವನ್ನು ಬಸ್ಸು ಹತ್ತಿಸುವ ಮೊದಲು, ಯಂತ್ರವನ್ನು ಬಸ್ಸು ಹತ್ತಿಸಬಹುದೇ ಎಂದು ಕೇಳಿದವರು ಇವರು. ಸಾರಿಗೆ ಇಲಾಖೆ, ಆರೋಗ್ಯ ಇಲಾಖೆ ಎರಡೂ ಒಂದೇ ಮೇಜಿನ ಮುಂದೆ ಕೂತು ಕೇಳಬೇಕಾದ ಪ್ರಶ್ನೆ ಇದು. ಯಾವ ಓಡಾಟ ತಪ್ಪಿಸಬಹುದೋ ಅದನ್ನು ತಪ್ಪಿಸಿ, ತಪ್ಪಿಸಲಾಗದ್ದನ್ನು ಸುಲಭ ಮಾಡಿ.

ಬಸ್ಸಿಳಿದು ನ್ಯೂ ಬಿಇಎಲ್ ರಸ್ತೆಯ ಕಡೆಗೆ ಹೊರಳಿದೆ. ಇಸ್ರೊ ಕೇಂದ್ರ ಕಚೇರಿ ಇರುವ ರಸ್ತೆ ಇದು, ಸಂಜೆಯಾದರೆ ಯುವಕ ಯುವತಿಯರ ತಿಂಡಿ ಬೀದಿ. ಮುಂದೆ ಎಂ.ಎಸ್. ರಾಮಯ್ಯ ಆಸ್ಪತ್ರೆ. ಇಂಥ ಯಾವುದೇ ದೊಡ್ಡ ಆಸ್ಪತ್ರೆಯ ಗೇಟಿನ ಹತ್ತಿರ ಅರ್ಧ ಗಂಟೆ ನಿಂತರೂ ಸಾಕು, ಡಿಸ್ಚಾರ್ಜ್ ಆದ ಬಾಣಂತಿಯರು ಮನೆಗೆ ಹೋಗುವ ಬಗೆ ಕಾಣುತ್ತದೆ. ಕೆಲವರಿಗೆ ಸ್ವಂತ ಕಾರು, ಉಳಿದವರಿಗೆ ಆಟೋ. ಆಟೋದಲ್ಲಿ ಹಿಂದೆ ಬಾಣಂತಿ, ಆಕೆಯ ತಾಯಿ, ಮಡಿಲಲ್ಲಿ ಕೂಸು, ಕಾಲ ಬಳಿ ಬಕೆಟ್ಟು ಚಾಪೆ. ಮುಂದೆ ಡ್ರೈವರ್ ಪಕ್ಕ ತುದಿಯಲ್ಲಿ ಗಂಡ. ಹಂಪು ಬಂದಲ್ಲೆಲ್ಲ "ನಿಧಾನ ಅಣ್ಣ" ಎಂಬ ಕೂಗು.

ಸರ್ಕಾರಿ ಆಸ್ಪತ್ರೆಯಲ್ಲಿ ಹೆತ್ತವರಿಗೆ ಈ ಒಂದು ಪ್ರಯಾಣದ ಹೊಣೆಯನ್ನು ಸರ್ಕಾರ ಹೊತ್ತುಕೊಂಡಿದೆ. 2011ರ ಜೂನ್‌ನಲ್ಲಿ ಶುರುವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ ಮನೆಯಿಂದ ಆಸ್ಪತ್ರೆಗೆ, ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ, ಹೆರಿಗೆಯ ನಂತರ ಮನೆಗೆ ಉಚಿತ ವಾಹನ ಕೊಡಬೇಕು. ಹೋಗಲು 2008ರಿಂದ ಓಡುತ್ತಿರುವ 108 ಆಂಬುಲೆನ್ಸ್ ಇದೆ. ಮರಳಲು ನಮ್ಮ ರಾಜ್ಯದಲ್ಲಿ ನಗು-ಮಗು ವಾಹನ. ಕಾಯಿಲೆ ಬಿದ್ದ ಕೂಸಿಗೂ ಈ ಹಕ್ಕಿದೆ. ಮೊದಲು ಮೂವತ್ತು ದಿನ ಎಂದಿದ್ದದ್ದನ್ನು ಆಮೇಲೆ ಒಂದು ವರ್ಷಕ್ಕೆ ವಿಸ್ತರಿಸಿದರು. ಈ ಒಂದು ವರ್ಷದ ಮಾತು ಎಷ್ಟು ಮನೆಗಳಿಗೆ ಗೊತ್ತು? ಓದುತ್ತಿರುವವರ ಮನೆಯಲ್ಲೋ ಕೆಲಸಕ್ಕೆ ಬರುವವರ ಮನೆಯಲ್ಲೋ ಕೂಸಿದ್ದರೆ ದಯವಿಟ್ಟು ಹೇಳಿ.

ಅಲ್ಲಿಂದ ಹಿಂದಿರುಗಿ ಭೂಪಸಂದ್ರದ ದಾರಿಯಾಗಿ ಹೆಬ್ಬಾಳಕ್ಕೆ ಬಂದೆ. ನನ್ನ ಪ್ರಕಾರ ಸಂಜಯನಗರದ ಬಾಣಂತಿಯ ನಿಜವಾದ ಬಸ್ ನಿಲ್ದಾಣ ಇದೇ. ತವರಿಗೆ ಹೋಗುವ ದಾರಿ ಇಲ್ಲಿಂದ. ದೇವನಹಳ್ಳಿ, ಚಿಕ್ಕಬಳ್ಳಾಪುರ, ದೊಡ್ಡಬಳ್ಳಾಪುರ, ಗೌರಿಬಿದನೂರು ಕಡೆಯ ಬಸ್ಸುಗಳೆಲ್ಲ ಇಲ್ಲೇ ನಿಂತು ಹೋಗುತ್ತವೆ. ಶಕ್ತಿ ಬಂದ ಮೇಲೆ ಬಾಣಂತನದ ಬಗೆಯೇ ಬದಲಾಗಿದೆ ಎಂದು ಗೌರಿಬಿದನೂರು ಕಡೆಯ ತಾಯಿಯೊಬ್ಬರು ಹೇಳಿದರು. ಮೊದಲೆಲ್ಲ ಮಗಳನ್ನು ಒಂದು ಸಲ ಕರೆದುಕೊಂಡು ಹೋದರೆ ಐದು ತಿಂಗಳಿಗೋ ಒಂಬತ್ತು ತಿಂಗಳಿಗೋ ವಾಪಸ್. ಈಗ ಅವರೇ ವಾರಕ್ಕೊಮ್ಮೆ ಬಂದು, ನಾಲ್ಕು ದಿನ ಇದ್ದು, ಕೂಸಿಗೆ ಎಣ್ಣೆ ನೀರು ಹಾಕಿ, ಮಗಳಿಗೆ ಬೆಳ್ಳುಳ್ಳಿ ಖಾರ ಅರೆದಿಟ್ಟು, ದನ ಕರು ನೋಡಲು ಊರಿಗೆ ಹೋಗುತ್ತಾರಂತೆ. "ಬಸ್ ಚಾರ್ಜು ಇದ್ದಿದ್ರೆ ಹಿಂಗೆ ಬರಾಕಾಗ್ತಿತ್ತಾ? ಮಗಳೂ ಉಳುದ್ಲು, ಹಸುನೂ ಉಳುದ್ವು," ಎಂದರು. ತಾಯಿಯನ್ನು ನೋಡಿಕೊಳ್ಳುವ ತಾಯಿಗೆ ಬಸ್ಸು ಉಚಿತವಾದದ್ದು ಎಂಥ ದೊಡ್ಡ ಆರೋಗ್ಯ ಕಾರ್ಯಕ್ರಮ! ಯಾವ ಸರ್ಕಾರಿ ವರದಿಯಲ್ಲೂ ಅದನ್ನು ಬಾಣಂತಿಯ ಖಾತೆಗೆ ಬರೆಯುವುದಿಲ್ಲ.

ಹೆಬ್ಬಾಳ ಮಾತ್ರ ಬಾಣಂತಿಯ ಜಾಗವಲ್ಲ. 2003ರಲ್ಲಿ ಮೇಲ್ಸೇತುವೆ ಬಂದಾಗಿನಿಂದ ಇಲ್ಲಿ ಮಾಡಿದ ಬಹುಪಾಲು ಕೆಲಸ ಕಾರುಗಳಿಗೆ. 2025ರ ಆಗಸ್ಟ್‌ನಲ್ಲಿ ಹೊಸ ಲೂಪ್ ತೆರೆದು ನಗರದ ಕಡೆ ಬರುವ ವಾಹನಗಳ ಕಾಯುವಿಕೆ ತಗ್ಗಿತು, ಸಂತೋಷ. ವಿಮಾನ ನಿಲ್ದಾಣದ ನೀಲಿ ಮೆಟ್ರೊ ಮಾರ್ಗದ ಕಂಬಗಳು ಎದ್ದಿವೆ. ಕೂಸು ಹಿಡಿದು ಸರ್ವಿಸ್ ರಸ್ತೆ ದಾಟುವವಳಿಗೆ ಧೂಳು, ಹಾರ್ನು, ತಗಡಿನ ಬೇಲಿ. ದೂರದ ಊರಿನ ಬಸ್ಸಿಗೆ ಅರ್ಧ ಮುಕ್ಕಾಲು ಗಂಟೆ ಕಾಯುವ ಜಾಗದಲ್ಲಿ ಹಾಲೂಡಿಸಲು ಒಂದು ಮರೆಯಿಲ್ಲ. ಪಕ್ಕದ ತಮಿಳುನಾಡು 2015ರ ಆಗಸ್ಟ್‌ನಲ್ಲಿ ಒಂದೇ ಸಲಕ್ಕೆ ಸುಮಾರು ಮುನ್ನೂರೈವತ್ತು ಬಸ್ ನಿಲ್ದಾಣಗಳಲ್ಲಿ ತಾಯಂದಿರಿಗೆ ಹಾಲೂಡಿಸುವ ಕೋಣೆ ತೆರೆಯಿತು. ಬೇಕಾದದ್ದು ಹತ್ತಡಿ ಹತ್ತಡಿ ಜಾಗ, ಒಂದು ಫ್ಯಾನು, ಒಂದು ನಲ್ಲಿ, ಒಂದು ಚಿಲಕ.

ಹೆಬ್ಬಾಳದಲ್ಲಿ ನಿಂತರೆ ಶೂನ್ಯ ಟಿಕೆಟ್ ಎಲ್ಲೆಲ್ಲಿ ನಿಲ್ಲುತ್ತದೆ ಎಂಬುದೂ ಸ್ಪಷ್ಟವಾಗಿ ಕಾಣುತ್ತದೆ. ಸಿಲ್ಕ್ ಬೋರ್ಡ್ ಕಡೆ ಹೋಗುವ ಮಾಮೂಲಿ 500ಡಿ ಉಚಿತ, ಎಸಿ ವಜ್ರ ಉಚಿತವಲ್ಲ, ವಿಮಾನ ನಿಲ್ದಾಣದ ವಾಯು ವಜ್ರವೂ ಅಲ್ಲ. ಹಿಂದೂಪುರಕ್ಕೆ ಹೋಗುವ ಅಂತರರಾಜ್ಯ ಬಸ್ಸೂ ಉಚಿತವಲ್ಲ. ಮೆಟ್ರೊದಲ್ಲಿ ಶಕ್ತಿ ಇಲ್ಲವೇ ಇಲ್ಲ. 2025ರ ಫೆಬ್ರುವರಿಯಿಂದ ಅದರ ಗರಿಷ್ಠ ದರ 90 ರೂಪಾಯಿ. ಬಾಣಂತಿಗೆ ಅನುಕೂಲವಾದ ವಾಹನಗಳು ಮೆಟ್ರೊ ಮತ್ತು ವಜ್ರವೇ ಎಂಬುದು ನೋಯಿಸುವ ಸಂಗತಿ. ಮೆಟ್ರೊದಲ್ಲಿ ಲಿಫ್ಟಿದೆ, ಮಟ್ಟಸವಾದ ಬಾಗಿಲಿದೆ, ಹೆಂಗಸರಿಗೆ ಮೊದಲ ಬೋಗಿ ಇದೆ. ವಜ್ರದ ನೆಲ ತಗ್ಗು, ಕುಲುಕಾಟ ಕಡಿಮೆ. ಕೇಂದ್ರದ ನಗರ ಬಸ್ ಮಾನದಂಡ ಬಸ್ಸಿನ ನೆಲದ ಎತ್ತರವನ್ನು 400, 650, 900 ಮಿಲಿಮೀಟರ್ ಎಂದು ಮೂರು ಬಗೆ ಮಾಡಿದೆ. ಹೊಲಿಗೆ ಹಾಕಿದ ಹೊಟ್ಟೆಗೆ 400ಕ್ಕೂ 900ಕ್ಕೂ ಇರುವ ಅಂತರ ಬಹಳ ದೊಡ್ಡದು. ಇತ್ತೀಚೆಗೆ ಬಂದ ನೀಲಿ ಬಣ್ಣದ ಎಲೆಕ್ಟ್ರಿಕ್ ಬಸ್ಸುಗಳು ಎಸಿ ಇಲ್ಲದವು, ಹಾಗಾಗಿ ಹೆಂಗಸರಿಗೆ ಉಚಿತ, ನೆಲವೂ ತಗ್ಗು. ಆಸ್ಪತ್ರೆಗಳ ದಾರಿಗೆ ಇವನ್ನೇ ಮೊದಲು ಬಿಡಿ ಎಂದು ಕೇಳುವುದು ದುಬಾರಿ ಬೇಡಿಕೆಯಲ್ಲ.

ಬೇರೆ ಊರುಗಳು ಈ ಪ್ರಶ್ನೆಯನ್ನು ತಮ್ಮ ತಮ್ಮ ರೀತಿಯಲ್ಲಿ ಬಿಡಿಸಿಕೊಂಡಿವೆ. ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ತಳ್ಳುಗಾಡಿಯಲ್ಲಿ ಮಗುವಿಟ್ಟುಕೊಂಡು ಬಂದ ದೊಡ್ಡವರಿಗೆ ಬಸ್ಸಿನಲ್ಲಿ ಟಿಕೆಟ್ಟಿಲ್ಲ. ತಾಯಿಯೋ ತಂದೆಯೋ ಎಂದು ಅವರು ನೋಡುವುದಿಲ್ಲ, ಮಗು ಜೊತೆಗಿದ್ದರೆ ಆಯಿತು. ಸಿಯೋಲ್ ನಗರ 2022ರಿಂದ ಗರ್ಭಿಣಿಯರಿಗೆ 7 ಲಕ್ಷ ವಾನ್ ಸಾರಿಗೆ ನೆರವು ಕೊಡುತ್ತಿದೆ. ಅದನ್ನು ಬಸ್ಸಿಗೂ ಬಳಸಬಹುದು, ಟ್ಯಾಕ್ಸಿಗೂ ಬಳಸಬಹುದು. ಕೆಲವು ದಿನ ಬಸ್ಸು ಆಗಿಬರುವುದಿಲ್ಲ ಎಂಬುದನ್ನು ಆ ನಗರ ಒಪ್ಪಿಕೊಂಡಿದೆ. ನಮ್ಮ ಮಾತೃವಂದನಾ ಯೋಜನೆಯ ಮೊದಲ ಮಗುವಿನ 5 ಸಾವಿರ ರೂಪಾಯಿ ಊಟಕ್ಕೂ ಔಷಧಕ್ಕೂ ಆಟೋಕ್ಕೂ ಒಂದೇ.

ಕೊನೆಗೆ, ಹೆಬ್ಬಾಳದ ಅದೇ ನಿಲ್ದಾಣದಲ್ಲಿ ಕಂಡ ಇನ್ನೊಬ್ಬಳ ವಿಷಯ. ಕಟ್ಟಡದ ಕೆಲಸಕ್ಕೆ ಬಂದ ಉತ್ತರದ ರಾಜ್ಯದವಳು. ಮೂರು ನಾಲ್ಕು ತಿಂಗಳ ಕೂಸು ಕಂಕುಳಲ್ಲಿ, ಕೈಯಲ್ಲಿ ಆರೋಗ್ಯ ಕೇಂದ್ರದವರು ಕೊಟ್ಟ ಕನ್ನಡದ ತಾಯಿ ಕಾರ್ಡ್. ಹೆತ್ತದ್ದು ಇಲ್ಲೇ, ಮಗುವಿಗೆ ಲಸಿಕೆ ಹಾಕಿಸುತ್ತಿರುವುದು ಇಲ್ಲೇ. ಆಧಾರ್ ಮಾತ್ರ ಅವಳ ಊರಿನದು. ಬಸ್ಸು ಹತ್ತಿ ಅವಳು ದುಡ್ಡು ಕೊಟ್ಟಳು. ಅವಳ ಹಿಂದೆಯೇ ಹತ್ತಿದ ರಾಯಚೂರಿನ ಹೆಂಗಸು, ಅದೇ ಕಟ್ಟಡದಲ್ಲಿ ಕೆಲಸ ಮಾಡುವವಳಿರಬಹುದು, ಆಧಾರ್ ತೋರಿಸಿ ಶೂನ್ಯ ಟಿಕೆಟ್ ಪಡೆದಳು. ಕಂಡಕ್ಟರ್ ತಪ್ಪು ಮಾಡಲಿಲ್ಲ, ಕರ್ನಾಟಕದ ನಿವಾಸಿಗೆ ಮಾತ್ರ ಎಂಬುದೇ ನಿಯಮ. ಹೆರಿಗೆ ಮಾಡಿಸುವಾಗ, ಲಸಿಕೆ ಹಾಕುವಾಗ ಯಾವ ರಾಜ್ಯದವಳೆಂದು ಕೇಳದ ಸರ್ಕಾರ, ಆ ಆಸ್ಪತ್ರೆಗೆ ಹೋಗುವ ಬಸ್ಸಿನಲ್ಲಿ ಕೇಳುವುದು ನ್ಯಾಯವೇ?

ಹಾಗಾಗಿ ಪ್ರಶ್ನೆಗೆ ನನ್ನ ಉತ್ತರ: ಹೊಸ ತಾಯಂದಿರಿಗೆ ಸಾರ್ವಜನಿಕ ಸಾರಿಗೆ ಉಚಿತವಾಗಿರಲೇಬೇಕು, ಈಗ ಇರುವುದಕ್ಕಿಂತ ಸ್ವಲ್ಪ ಮುಂದಕ್ಕೆ ಹೋಗಿ ಉಚಿತವಾಗಿರಬೇಕು. ಹೆರಿಗೆಯಾದ ಒಂದು ವರ್ಷದವರೆಗೆ ತಾಯಿ ಕಾರ್ಡ್ ತೋರಿಸಿದವಳಿಗೆ, ಅವಳ ಊರು ಯಾವುದೇ ಇರಲಿ, ಶೂನ್ಯ ಟಿಕೆಟ್ ಸಿಗಲಿ. ಅದೇ ಕಾರ್ಡಿಗೆ ವಜ್ರ ಮತ್ತು ಮೆಟ್ರೊದ ಬಾಗಿಲೂ ತೆರೆಯಲಿ. ಕಾರ್ಡಿನಲ್ಲಿ ಹೆರಿಗೆಯ ದಿನಾಂಕ ಬರೆದಿರುತ್ತದೆ, ಲಸಿಕೆಯ ದಿನಾಂಕಗಳೂ ಇರುತ್ತವೆ, ಬೇರೆ ಪಾಸು ಮುದ್ರಿಸಬೇಕಿಲ್ಲ. ಮೆಟ್ರೊ ಮೂರನೇ ಹಂತಕ್ಕೆ 2024ರ ಆಗಸ್ಟ್‌ನಲ್ಲಿ ಕೇಂದ್ರದ ಒಪ್ಪಿಗೆ ಸಿಕ್ಕಿದೆ, ಜೆ.ಪಿ. ನಗರದಿಂದ ಕೆಂಪಾಪುರಕ್ಕೆ ಹೋಗುವ ಆ ಮಾರ್ಗ ನಾಗಶೆಟ್ಟಿಹಳ್ಳಿಯ ಹತ್ತಿರವೇ ಹಾದುಹೋಗಲಿದೆ. ಅಲ್ಲಿನ ನಿಲ್ದಾಣದಲ್ಲಿ ಹಾಲೂಡಿಸುವ ಕೋಣೆಯನ್ನು ನಕ್ಷೆಯಲ್ಲೇ ಸೇರಿಸಲು ಈಗ ಸಮಯವಿದೆ. ಬಸ್ಸಿನ ಮಟ್ಟಿಗೆ ಅಷ್ಟೂ ಕಾಯಬೇಕಿಲ್ಲ. ಶಕ್ತಿಗೆ ಒಪ್ಪುವ ಗುರುತಿನ ಚೀಟಿಗಳ ಪಟ್ಟಿಗೆ ತಾಯಿ ಕಾರ್ಡನ್ನು ಸೇರಿಸಲು ಸಾರಿಗೆ ಇಲಾಖೆಯ ಒಂದು ಆದೇಶ ಸಾಕು. ಅದನ್ನು ಹೊರಡಿಸಿ ಎಂದು ಹೆಬ್ಬಾಳ ಕ್ಷೇತ್ರದವರು ತಮ್ಮ ಶಾಸಕರಿಗೆ, ಉಳಿದವರು ಸಾರಿಗೆ ಸಚಿವರಿಗೆ ಬರೆಯಬೇಕೆಂದು ಕೇಳಿಕೊಳ್ಳುತ್ತೇನೆ.